ರೆಡ್ ವೈನ್ ಹಾಕಿದ ಕ್ರ್ಯಾನ್‌ಬೆರಿ ಸಾಸ್: ಅಳತೆ, ಖರ್ಚು ಮತ್ತು ಕೆಟ್ಟುಹೋದ ಪ್ರಯತ್ನಗಳ ಲೆಕ್ಕ

ಕೆಲಸ ಇಷ್ಟೇ: ನವೆಂಬರ್ 27ರಂದು ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಹನ್ನೆರಡು ಜನರಿಗೆ ಸಾಲುವಷ್ಟು ಕ್ರ್ಯಾನ್‌ಬೆರಿ (ಹುಳಿ, ಒಗರಿನ ಸಣ್ಣ ಕೆಂಪು ಹಣ್ಣು) ಸಾಸ್. ಊಟ ನನ್ನ ಜೊತೆ ಕೆಲಸ ಮಾಡುವವರ ಮನೆಯಲ್ಲಿ, ಬಾಸ್ಟನ್‌ನಿಂದ ಸ್ವಲ್ಪ ದಕ್ಷಿಣಕ್ಕೆ. ಟರ್ಕಿ ಕೋಳಿಯ ಅಡುಗೆ ಅವರದು. ನಾವು ಸಸ್ಯಾಹಾರಿಗಳಾದ್ದರಿಂದ ಪ್ರತಿ ವರ್ಷ ನಮ್ಮ ಪಾಲಿಗೆ ಬರುವುದು ಸಾಸ್ ಅಥವಾ ಸಲಾಡ್. ಈ ಸಲ ಅವರೇ ಹೇಳಿದರು, "ರೆಡ್ ವೈನ್ ಹಾಕಿ ಮಾಡು, ಚೆನ್ನಾಗಿರುತ್ತೆ" ಅಂತ. ನೀರು ಹಾಕಿ ಮಾಡುವುದು ಹತ್ತು ನಿಮಿಷದ ಕೆಲಸ. ವೈನ್ ಹಾಕಿದ ಕೂಡಲೇ ಲೆಕ್ಕವೆಲ್ಲ ಬದಲಾಗುತ್ತದೆ. ಮಾಡುತ್ತಾ ಬರೆದಿಟ್ಟ ಟಿಪ್ಪಣಿ ಇದು. ಅವಸರವಿದ್ದರೆ ಮೊದಲ ಎರಡು ಶನಿವಾರ ಬಿಟ್ಟು ನವೆಂಬರ್ 22ರಿಂದ ಓದಿ.

ಸಾಮಾನು

ಹಣ್ಣು: 12 ಔನ್ಸ್ ಚೀಲ, ಅಂದರೆ 340 ಗ್ರಾಂ. ನನಗೆ ಸಿಕ್ಕಿದ್ದು 3 ಡಾಲರ್‌ಗೆ. ತಾಜಾ ಹಣ್ಣು ಅಂಗಡಿಗೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಕ್ಟೋಬರ್‌ನಲ್ಲಿ ಬಾಸ್ಟನ್‌ನ ದಕ್ಷಿಣಕ್ಕಿರುವ ಕಾರ್ವರ್, ವೇರ್‌ಹ್ಯಾಮ್ ಊರುಗಳ ಕಡೆ ಹೋದರೆ ನೀರು ತುಂಬಿದ ಗದ್ದೆಯ ಮೇಲೆ ಕೆಂಪು ಹಣ್ಣು ಹಾಸಿಕೊಂಡು ತೇಲುವುದು ಕಾಣುತ್ತದೆ. ಎಲ್ಲರೂ ಫೋಟೊ ತೆಗೆಯುವುದು ಅದನ್ನೇ. ಆದರೆ ಹಾಗೆ ನೀರಲ್ಲಿ ಕೊಯ್ದ ಹಣ್ಣು ಹೋಗುವುದು ಜ್ಯೂಸಿಗೆ, ಡಬ್ಬಿ ಸಾಸಿಗೆ, ಒಣಹಣ್ಣಿಗೆ. ಚೀಲದಲ್ಲಿ ತಾಜಾ ಬರುವುದನ್ನು ಒಣ ಗದ್ದೆಯಲ್ಲೇ ಹಲ್ಲಿರುವ ಯಂತ್ರದಿಂದ ಕೀಳುತ್ತಾರೆ. ಒದ್ದೆಯಾದ ಹಣ್ಣು ಬೇಗ ಕೊಳೆಯುತ್ತದೆ, ಅದಕ್ಕೆ. ಮನೆಗೆ ತಂದ ಮೇಲೂ ಇದೇ ನಿಯಮ: ಅಡುಗೆಗೆ ಮೊದಲು ಮಾತ್ರ ತೊಳೆಯಿರಿ, ತೊಳೆದು ಫ್ರಿಜ್‌ನಲ್ಲಿ ಇಡಬೇಡಿ. ಜಾಸ್ತಿ ತಂದರೆ ಚೀಲ ಬಿಚ್ಚದೆ ಫ್ರೀಜರ್‌ಗೆ ಹಾಕಿ. ಬಳಸುವಾಗ ಕರಗಿಸುವುದೂ ಬೇಡ, ಹಾಗೇ ಪಾತ್ರೆಗೆ ಸುರಿಯಬಹುದು.

ವೈನ್: ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಹುಪಾಲು ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಸಿಗುವುದಿಲ್ಲ, ಬೇರೆ ಅಂಗಡಿಗೇ ಹೋಗಬೇಕು. ಥ್ಯಾಂಕ್ಸ್‌ಗಿವಿಂಗ್ ದಿನ ಕಾನೂನಿನ ಪ್ರಕಾರ ಆ ಅಂಗಡಿಗಳು ಮುಚ್ಚಿರುತ್ತವೆ, ಸೂಪರ್‌ಮಾರ್ಕೆಟ್ ಕೂಡ. ಗುರುವಾರ ಬೆಳಿಗ್ಗೆ ಓಡಿಹೋಗಿ ತರುತ್ತೇನೆ ಅನ್ನುವ ಆಸೆ ಬೇಡ.

ಸಸ್ಯಾಹಾರಿಗಳಿಗೆ ಒಂದು ಮಾತು. ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಜೆಲಟಿನ್ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ. ನಂತರ ಸೋಸಿ ತೆಗೆಯುತ್ತಾರೆ, ನಿಜ, ಆದರೂ ಕೆಲವರಿಗೆ ಅದು ಸರಿ ಬರುವುದಿಲ್ಲ. ಬಾಟಲಿಯ ಹಿಂದೆ ವೀಗನ್ (ಪ್ರಾಣಿಗಳಿಂದ ಬಂದದ್ದೇನೂ ಬಳಸಿಲ್ಲ) ಅಂತ ಬರೆದಿದ್ದರೆ ಆ ತಲೆನೋವಿಲ್ಲ. ನಾನು ಕೊನೆಗೆ ತಂದದ್ದು ಅಂಥ ಪಿನೋ ನ್ವಾರ್ ಎಂಬ ರೆಡ್ ವೈನ್, 750 ಮಿ.ಲೀ.ಗೆ 11 ಡಾಲರ್.

ಅಡುಗೆಗೆಂದೇ ಸೂಪರ್‌ಮಾರ್ಕೆಟ್‌ನಲ್ಲಿ ಮಾರುವ ಕುಕಿಂಗ್ ವೈನ್ ತರಬೇಡಿ. ಅದರಲ್ಲಿ ಉಪ್ಪು ಹಾಕಿರುತ್ತಾರೆ. ಬತ್ತಿಸಿದಷ್ಟೂ ಉಪ್ಪು ಏರುತ್ತದೆ.

ಸಲಕರಣೆ: 3 ಲೀಟರಿನ ದಪ್ಪ ತಳದ ಸ್ಟೀಲ್ ಪಾತ್ರೆ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಮರದ ಸೌಟು, ಫ್ರೀಜರ್‌ನಲ್ಲಿ ಇಟ್ಟ ಸಣ್ಣ ಪಿಂಗಾಣಿ ತಟ್ಟೆ, ತರಕಾರಿ ಸಿಪ್ಪೆ ತೆಗೆಯುವ ಪೀಲರ್, ಇಕ್ಕಳ.

ನವೆಂಬರ್ 8, ಶನಿವಾರ: ಚೀಲದ ಮೇಲಿನ ಅಳತೆ, ನೀರಿನ ಬದಲು ವೈನ್

ಓಷನ್ ಸ್ಪ್ರೇ ಕಂಪನಿಯ ಹಣ್ಣಿನ ಚೀಲದ ಹಿಂದೆ ಬರೆದಿರುವುದು ತುಂಬಾ ಸರಳ. ಒಂದು ಕಪ್ ನೀರು, ಒಂದು ಕಪ್ ಸಕ್ಕರೆ ಕುದಿಸಿ, ಒಂದು ಚೀಲ ಹಣ್ಣು ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ನೀರಿನ ಜಾಗದಲ್ಲಿ ಅಷ್ಟೇ ವೈನ್ ಹಾಕಿದೆ. ಮನೆಯಲ್ಲಿದ್ದ ಅರ್ಧ ಬಾಟಲಿ ಕ್ಯಾಬರ್ನೆ ಸೊವಿನ್ಯೋಂ ಎಂಬ ರೆಡ್ ವೈನ್. ಪಾತ್ರೆ ಊರಿಂದ ತಂದ ಅಲ್ಯುಮಿನಿಯಂ ಪಾತ್ರೆ, ಒಂದೂವರೆ ಲೀಟರಿನದು.

ಆದದ್ದು:

ಐದನೇ ನಿಮಿಷಕ್ಕೆ ಹಣ್ಣು ಪಟಪಟ ಸಿಡಿಯಲು ಶುರುವಾಯಿತು, ಆರನೇ ನಿಮಿಷಕ್ಕೆ ನೊರೆ ಉಕ್ಕಿ ಒಲೆ ಮೇಲೆ ಹರಿಯಿತು. ಕ್ರ್ಯಾನ್‌ಬೆರಿಯೊಳಗೆ ನಾಲ್ಕು ಗಾಳಿಗೂಡು ಇರುತ್ತವೆ. ಒಂದು ಹಣ್ಣನ್ನು ಅಡ್ಡ ಕೊಯ್ದು ನೋಡಿ, ಗೊತ್ತಾಗುತ್ತದೆ. ಗದ್ದೆಯಲ್ಲಿ ಅದು ತೇಲುವುದೂ ನೆಲಕ್ಕೆ ಬಿಟ್ಟರೆ ಪುಟಿಯುವುದೂ ಆ ಗಾಳಿಯಿಂದಲೇ. ಕಾದಾಗ ಒಳಗಿನ ಗಾಳಿ ಹಿಗ್ಗಿ ಸಿಪ್ಪೆ ಒಡೆಯುತ್ತದೆ, ಸಕ್ಕರೆ ಪಾಕದಲ್ಲಿ ನೊರೆ ಏಳುತ್ತದೆ. ಒಂದು ಚೀಲಕ್ಕೆ ಒಂದೂವರೆ ಲೀಟರ್ ಪಾತ್ರೆ ಸಾಲುವುದೇ ಇಲ್ಲ.

ರುಚಿ ಎರಡು ತುಂಡಾಗಿತ್ತು. ಒಂದು ಕಡೆ ಹಣ್ಣಿನ ಹುಳಿ, ಇನ್ನೊಂದು ಕಡೆ ಹಸಿ ವೈನಿನ ವಾಸನೆ. ಎರಡೂ ಸೇರಿಕೊಂಡೇ ಇಲ್ಲ. ಹಣ್ಣು ಬೇಗ ಬೆಂದುಬಿಡುತ್ತದೆ, ಅಷ್ಟರಲ್ಲಿ ವೈನ್ ಬತ್ತಿರುವುದಿಲ್ಲ.

ಜೊತೆಗೆ ನಾಲಗೆಯ ಮೇಲೆ ಒಂದು ಲೋಹದ ರುಚಿ. ಪಾತ್ರೆ ತೊಳೆದು ನೋಡಿದರೆ ಸಾಸ್ ಇದ್ದ ಮಟ್ಟದವರೆಗೆ ಒಳಗೋಡೆ ಹೊಸದರಂತೆ ಫಳಫಳ. ಹುಳಿ ಅಲ್ಯುಮಿನಿಯಂ ತಿಂದಿದೆ ಅಂತ ಅರ್ಥ. ಸಾರಿಗೆ ಹುಣಸೆಹಣ್ಣು ಹಾಕುವಾಗ ಸ್ಟೀಲ್ ಪಾತ್ರೆ ಹುಡುಕುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ರ್ಯಾನ್‌ಬೆರಿ ಹುಳಿ ನಿಂಬೆ ರಸದ ಹತ್ತಿರ ಹತ್ತಿರ ಇರುತ್ತದೆ, ಮೇಲೆ ವೈನಿನ ಹುಳಿ ಬೇರೆ. ಸ್ಟೀಲ್ ಅಥವಾ ಎನಾಮೆಲ್ ಪಾತ್ರೆ ಬಿಟ್ಟು ಬೇರೆಯದು ಬೇಡ. ಬೀಡು ಕಬ್ಬಿಣವೂ ಬೇಡ.

ಒಲೆ ಒರೆಸುವಾಗ ಒಂದು ತಮಾಷೆ ಆಯಿತು. ಕೆಂಪು ಕಲೆಗೆ ಅಡುಗೆ ಸೋಡಾ ಹಾಕಿದ ಕೂಡಲೇ ಅದು ನೀಲಿ ಬೂದು ಬಣ್ಣಕ್ಕೆ ತಿರುಗಿತು. ಹಣ್ಣಿನ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಗಾಬರಿ ಬೇಡ, ಒದ್ದೆ ಬಟ್ಟೆಗೆ ಹೋಗುತ್ತದೆ. ಮೇಜುಬಟ್ಟೆ ಮೇಲೆ ಬಿದ್ದರೆ ಮಾತ್ರ ಸೋಡಾ ಹಾಕಬೇಡಿ, ಮೊದಲು ತಣ್ಣೀರು.

ನವೆಂಬರ್ 15, ಶನಿವಾರ: ವೈನ್ ಮೊದಲು ಬತ್ತಿಸಿದ್ದು

ಈ ಸಲ 3 ಲೀಟರಿನ ಸ್ಟೀಲ್ ಪಾತ್ರೆ. ವೈನ್ ಒಂದೂವರೆ ಕಪ್, ಅದೇ ಕ್ಯಾಬರ್ನೆಯ ಹೊಸ ಬಾಟಲಿ. ಸಕ್ಕರೆ ಹಾಕದೆ, ಒಂದು ಚಕ್ಕೆ, ನಾಲ್ಕು ಲವಂಗ, ಒಂದು ಚಕ್ರಮೊಗ್ಗು ಹಾಕಿ ಅರ್ಧ ಕಪ್‌ಗೆ ಇಳಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಸಕ್ಕರೆ, ಹಣ್ಣು. ಹಣ್ಣು ಹಾಕಿದ ಮೇಲೆ ಇಪ್ಪತ್ತು ನಿಮಿಷ, ಸಾಸ್ ಸೌಟಿಗೆ ದಪ್ಪಗೆ ಅಂಟುವವರೆಗೆ.

ಹಸಿ ವಾಸನೆ ಹೋಯಿತು. ಮಿಕ್ಕಿದ್ದೆಲ್ಲ ಕೆಟ್ಟಿತು.

ಕ್ಯಾಬರ್ನೆ ಸ್ವಭಾವತಃ ಒಗರು ವೈನ್. ಅದನ್ನು ಮೂರನೇ ಒಂದಕ್ಕೆ ಇಳಿಸಿದರೆ ಒಗರು ಮೂರು ಪಟ್ಟು. ಕ್ರ್ಯಾನ್‌ಬೆರಿ ಸಿಪ್ಪೆಯಲ್ಲೂ ಒಗರಿದೆ. ಎರಡೂ ಸೇರಿ ತಿಂದ ಮೇಲೆ ಹಲ್ಲು, ನಾಲಗೆ ಎಲ್ಲ ಜಡ್ಡು ಕಟ್ಟಿದ ಹಾಗೆ. ಸಕ್ಕರೆ ಜಾಸ್ತಿ ಮಾಡಿದರೂ ಅದು ಮುಚ್ಚಲಿಲ್ಲ. ಸಕ್ಕರೆಗೆ ಹುಳಿ ತಗ್ಗುತ್ತದೆ, ಒಗರು ಹಾಗೆಲ್ಲ ತಗ್ಗುವುದಿಲ್ಲ.

ಚಕ್ರಮೊಗ್ಗು ಕೊನೆಯವರೆಗೂ ಒಳಗೇ ಇತ್ತು. ಪಲಾವಿನಲ್ಲಿ ಸರಿ ಅನ್ನಿಸುವುದು ಸಿಹಿಯಲ್ಲಿ ಔಷಧಿ ಅನ್ನಿಸುತ್ತದೆ. ನಾಲ್ಕು ಲವಂಗ ಕೂಡ ಜಾಸ್ತಿ. 340 ಗ್ರಾಂ ಹಣ್ಣಿಗೆ ಎರಡು ಲವಂಗ ಸಾಕೇ ಸಾಕು.

ಮರುದಿನ ಬೆಳಿಗ್ಗೆ ಫ್ರಿಜ್‌ನಿಂದ ತೆಗೆದರೆ ಚಮಚ ನೆಟ್ಟಗೆ ನಿಂತುಕೊಂಡಿತು. ಚಾಕು ಹಾಕಿ ಕತ್ತರಿಸಬಹುದಾಗಿತ್ತು. ಈ ಹಣ್ಣಿನಲ್ಲಿ ಪೆಕ್ಟಿನ್ (ಜಾಮ್ ಗಟ್ಟಿಯಾಗಿಸುವ ಅಂಶ) ತುಂಬಾ ಇದೆ. ಹುಳಿ, ಸಕ್ಕರೆ ಎರಡೂ ಸಿಕ್ಕರೆ ತಣ್ಣಗಾದ ಮೇಲೆ ತಾನಾಗಿಯೇ ಗಟ್ಟಿಯಾಗುತ್ತದೆ. ಒಲೆ ಮೇಲೆ ಬೇಕಾದ ಹದಕ್ಕೆ ಬಂದಿದೆ ಅನ್ನಿಸಿದರೆ ಆಗಲೇ ತಡವಾಗಿದೆ ಅಂತಲೇ ಲೆಕ್ಕ.

ನವೆಂಬರ್ 16, ಭಾನುವಾರ: ರಿಪೇರಿ

ಗಟ್ಟಿ ಸಾಸನ್ನು ಬಿಸಾಡಲು ಮನಸ್ಸಾಗಲಿಲ್ಲ. ಕಾಲು ಕಪ್ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕಲಕಿದೆ. ನಾಲ್ಕು ನಿಮಿಷದಲ್ಲಿ ಸಡಿಲವಾಯಿತು. ಗಟ್ಟಿತನ ಹೀಗೆ ಸರಿಹೋಗುತ್ತದೆ, ಯಾರಿಗಾದರೂ ಕಡೇ ಗಳಿಗೆಯಲ್ಲಿ ಬೇಕಾದರೆ ನೆನಪಿಡಿ. ಆದರೆ ಇಡಿಯಾಗಿದ್ದ ಹಣ್ಣೂ ಮುದ್ದೆಯಾಗುತ್ತದೆ. ಒಗರು ಎಲ್ಲೂ ಹೋಗಲಿಲ್ಲ. ಒಂದು ಚಮಚ ಬೆಣ್ಣೆ ಹಾಕಿ ನೋಡಿದೆ, ಸ್ವಲ್ಪ ಮೆತ್ತಗಾಯಿತು, ಅಷ್ಟೇ. ಅದು ವಾರವಿಡೀ ಬ್ರೆಡ್ ಮೇಲೆ ಖರ್ಚಾಯಿತು.

ಅದೇ ಸಂಜೆ ಉಳಿದಿದ್ದ ಅರ್ಧ ಚೀಲದಲ್ಲಿ ಸಕ್ಕರೆ ಬದಲು ಬೆಲ್ಲ ಹಾಕಿ ಸಣ್ಣದೊಂದು ಪಾತ್ರೆಯಷ್ಟು ಸಾಸ್ ಮಾಡಿದೆ. ರುಚಿ ನಿಜಕ್ಕೂ ಚೆನ್ನಾಗಿತ್ತು, ಆದರೆ ಅದು ಗೊಜ್ಜಿನ ರುಚಿ. ಬಣ್ಣ ಇಟ್ಟಿಗೆಪುಡಿ. ಟರ್ಕಿ ಪಕ್ಕ ಕೆಂಪಗೆ ಹೊಳೆಯಬೇಕಾದ ಜಾಗದಲ್ಲಿ ಅದನ್ನಿಟ್ಟರೆ ಆತಿಥ್ಯ ಮಾಡುವವರ ಮುಖ ನೋಡುವುದು ಕಷ್ಟ. ಮನೆಯಲ್ಲಿ ಚಪಾತಿಗೆ ಮಾಡಿಕೊಳ್ಳುವುದಾದರೆ ಖಂಡಿತ ಬೆಲ್ಲ ಹಾಕಿ, ಒಂದು ಒಣಮೆಣಸಿನಕಾಯಿಯನ್ನೂ ಮುರಿದು ಹಾಕಿ.

ಊರಿಂದ ಬಂದಿದ್ದ ಅಮ್ಮ ಹಸಿ ಹಣ್ಣೊಂದನ್ನು ಕಚ್ಚಿ, "ಥೇಟ್ ಕವಳಿಕಾಯಿ ಇದ್ದಂಗ ಅದ, ಆದ್ರ ಹಾಲಿಲ್ಲ ನೋಡು" ಅಂದರು. ಧಾರವಾಡದಲ್ಲಿ ಬೆಳೆದವರಿಗೆ ಗೊತ್ತು, ಕವಳಿಕಾಯಿ ಮುರಿದರೆ ಬಿಳಿ ಹಾಲು ಒಸರುತ್ತದೆ. ಹುಳಿ, ಒಗರು ಎರಡರಲ್ಲೂ ಅವರ ಮಾತು ಸರಿ. ಒಂದು ಹಿಡಿ ಹಣ್ಣನ್ನು ಆಗಲೇ ಉಪ್ಪಿನಕಾಯಿಗೆ ಎತ್ತಿಟ್ಟುಕೊಂಡರು.

ನವೆಂಬರ್ 22, ಶನಿವಾರ: ತಕ್ಕಡಿ ಇಟ್ಟು ಮಾಡಿದ್ದು

ಎಷ್ಟು ಬತ್ತಿತು ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅಗಲದ ಪಾತ್ರೆಯಲ್ಲಿ ಬೇಗ ಬತ್ತುತ್ತದೆ, ಕಿರಿದರಲ್ಲಿ ನಿಧಾನ. ನಿಮಿಷ ಎಣಿಸಿಯೂ ಪ್ರಯೋಜನವಿಲ್ಲ, ಒಬ್ಬೊಬ್ಬರ ಉರಿ ಒಂದೊಂದು ಥರ. ಹಾಗಾಗಿ ಪಾತ್ರೆಯನ್ನೇ ತೂಗುತ್ತಾ ಮಾಡಿದೆ.

ಖಾಲಿ ಪಾತ್ರೆ: 1040 ಗ್ರಾಂ. ಬಿಸಿ ಪಾತ್ರೆಯನ್ನು ನೇರವಾಗಿ ತಕ್ಕಡಿ ಮೇಲೆ ಇಡಬಾರದು, ಅಂಕಿ ಓಡಾಡುತ್ತದೆ, ಗಾಜು ಬಿರುಕು ಬಿಡಲೂಬಹುದು. ತಕ್ಕಡಿ ಮೇಲೆ ಮರದ ಮಣೆ ಇಟ್ಟು ಸೊನ್ನೆ ಮಾಡಿ, ಆಮೇಲೆ ಪಾತ್ರೆ.

1. ಪಿನೋ ನ್ವಾರ್ 240 ಗ್ರಾಂ, ಸಕ್ಕರೆ 200 ಗ್ರಾಂ. ತಕ್ಕಡಿ 1480 ತೋರಿಸಿತು. ಪಿನೋ ನ್ವಾರ್ ಯಾಕೆಂದರೆ ಒಗರು ಕಡಿಮೆ. ಮರ್ಲೋ ಕೂಡ ಆಗಬಹುದು.

2. ಎರಡು ಲವಂಗ, ಬೆರಳುದ್ದದ ಒಂದು ಚಕ್ಕೆ, ಕಿತ್ತಳೆ ಸಿಪ್ಪೆಯ ಎರಡು ಪಟ್ಟಿ. ಇವುಗಳ ತೂಕ ಲೆಕ್ಕಕ್ಕಿಲ್ಲ. ಸಿಪ್ಪೆಯನ್ನು ಪೀಲರ್‌ನಿಂದ ತೆಳ್ಳಗೆ ತೆಗೆಯಿರಿ. ಒಳಗಿನ ಬಿಳಿ ಪದರ ಬಂದರೆ ಕಹಿ, ಚಾಕುವಿನಿಂದ ಕೆರೆದು ತೆಗೆಯಬೇಕು.

3. ಮುಚ್ಚಳ ಇಲ್ಲದೆ ಮಧ್ಯಮ ಉರಿ. ಸಕ್ಕರೆ ಕರಗಿದ ಮೇಲೆ ಒಂದೇ ಸಮ ಸಣ್ಣ ಕುದಿ. ತಕ್ಕಡಿ 1390ಕ್ಕೆ ಇಳಿಯುವವರೆಗೆ. ಅಂದರೆ 90 ಗ್ರಾಂ ಹೋಗಬೇಕು. ನಮ್ಮ ಒಲೆಯಲ್ಲಿ ಒಂಬತ್ತು ನಿಮಿಷ ಆಯಿತು. ಹಿಂದಿನ ವಾರದ ಹಾಗೆ ಮೂರನೇ ಒಂದಕ್ಕೆ ಇಳಿಸಿದ್ದಲ್ಲ ಇದು, ವೈನಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹೋಗಿದೆ, ಅಷ್ಟೇ. ಮೂಗು ಇಟ್ಟು ನೋಡಿದರೆ ಹಸಿ ಘಾಟು ಇರಲಿಲ್ಲ.

4. ಚಕ್ಕೆ, ಲವಂಗ ಇಕ್ಕಳದಲ್ಲಿ ಆಚೆ. ಸಿಪ್ಪೆ ಇರಲಿ. ಹಣ್ಣು ಬಿದ್ದ ಮೇಲೆ ಲವಂಗ ಹುಡುಕುವುದು ಅಂದರೆ ಸಂಜೆಯೆಲ್ಲ ಅದೇ ಕೆಲಸ.

5. ಹಣ್ಣು ಆರಿಸುವುದು. ದೊಡ್ಡ ಪಾತ್ರೆ ನೀರಿಗೆ ಚೀಲ ಸುರಿಯಿರಿ. ಒತ್ತಿದರೆ ಮೆತ್ತಗಾದದ್ದು, ಸುಕ್ಕಾದದ್ದು, ಕಡ್ಡಿ ಎಲ್ಲ ತೆಗೆಯಿರಿ. ಬಿಳಿ ಬಿಳಿ ಹಣ್ಣು ಕೆಟ್ಟದ್ದಲ್ಲ, ಬಣ್ಣ ಬಂದಿಲ್ಲ ಅಷ್ಟೇ. ನಮ್ಮ ಚೀಲದಲ್ಲಿ ಒಂದು ಮುಷ್ಟಿಯಷ್ಟು ಹೋಯಿತು, ಎರಡನೇ ಚೀಲದಿಂದ ಸೇರಿಸಿ 340 ಗ್ರಾಂ ಮಾಡಿದೆ.

6. ಹಣ್ಣಿನ ಮೂರರಲ್ಲಿ ಎರಡು ಭಾಗ ಮೊದಲು, ಅದರ ಜೊತೆ ಅರ್ಧ ಚಮಚ ಬೆಣ್ಣೆ. ಬೆಣ್ಣೆ ಇದ್ದರೆ ನೊರೆ ಏಳುವುದಿಲ್ಲ. ಜಾಮ್ ಮಾಡುವವರು ಇದನ್ನೇ ಮಾಡುತ್ತಾರೆ. ಐದು ನಿಮಿಷಕ್ಕೆ ಬಹುಪಾಲು ಹಣ್ಣು ಒಡೆದಿತ್ತು. ಸಿಡಿಯುವ ಪಾಕ ಕೈಗೆ ತಗುಲಿದರೆ ಚೆನ್ನಾಗಿ ಸುಡುತ್ತದೆ. ಬಗ್ಗಿ ನೋಡಬೇಡಿ.

7. ಉಳಿದ ಹಣ್ಣು, ಒಂದು ಚಿಟಿಕೆ ಉಪ್ಪು. ಇನ್ನು ನಾಲ್ಕು ನಿಮಿಷ. ಎರಡನೇ ಕಂತಿನ ಹಣ್ಣು ಅರ್ಧ ಒಡೆದು ಅರ್ಧ ಇಡಿಯಾಗಿ ಉಳಿಯುತ್ತದೆ. ಸಾಸ್ ನೋಡಲು ಚೆಂದ, ಬಾಯಿಗೂ ಹಣ್ಣು ಸಿಗುತ್ತದೆ.

8. ತಕ್ಕಡಿ 1660 ತೋರಿಸಿದಾಗ ಒಲೆ ಬಂದ್. ಹಣ್ಣು ಸೇರಿ 1730 ಇದ್ದದ್ದು 70 ಗ್ರಾಂ ಇಳಿದಿದೆ.

ಇಲ್ಲಿ ಒಂದು ಜಗಳ ಆಯಿತು. ನಾನು ತಕ್ಕಡಿ ನೋಡುತ್ತಾ ನಿಂತಿದ್ದೆ, ಅಮ್ಮನಿಗೆ ತಾಳ್ಮೆ ಹೋಯಿತು. "ತಾಟಿನ್ಯಾಗ ಒಂದ್ ಹನಿ ಹಾಕಿ ನೋಡೋ. ಪಾಕಕ್ಕ ಯಾರರ ತಕ್ಕಡಿ ಹಿಡೀತಾರೇನು?" ಫ್ರೀಜರ್ ತಟ್ಟೆ ತೆಗೆದು ಒಂದು ಚಮಚ ಹಾಕಿದೆವು. ಒಂದು ನಿಮಿಷ ಬಿಟ್ಟು ನಡುವೆ ಬೆರಳೆಳೆದರೆ ಗೆರೆ ಮೆಲ್ಲಗೆ ಕೂಡಿಕೊಂಡಿತು. ಗೆರೆ ತಕ್ಷಣ ಮುಚ್ಚಿದರೆ ಇನ್ನೂ ಎರಡು ನಿಮಿಷ ಬೇಕು. ಮುಚ್ಚದೆ ಹಾಗೇ ನಿಂತರೆ ಜಾಮ್ ಆಗಿದೆ. ಮೆಲ್ಲಗೆ ಕೂಡಿಕೊಳ್ಳುವುದೇ ಹದ. ತಟ್ಟೆ, ತಕ್ಕಡಿ ಎರಡೂ ಒಂದೇ ಮಾತು ಹೇಳಿದವು. ತಕ್ಕಡಿ ಇಲ್ಲದವರು ತಟ್ಟೆ ನಂಬಬಹುದು. ವೈನ್ ಬತ್ತಿಸುವಾಗ ಮಾತ್ರ ತಟ್ಟೆ ಏನೂ ಹೇಳುವುದಿಲ್ಲ, ಅಲ್ಲಿ ತಕ್ಕಡಿಯೇ ಬೇಕು.

ಪಾತ್ರೆಯಲ್ಲಿ ನೋಡಿದರೆ ಸಾಸ್ ತೆಳು ಅನ್ನಿಸುತ್ತದೆ. ಇನ್ನೊಂದು ಸ್ವಲ್ಪ ಕುದಿಸೋಣ ಅಂತ ಕೈ ತುಡಿಯುತ್ತದೆ. ಕುದಿಸಬೇಡಿ.

9. ಹತ್ತು ನಿಮಿಷ ಆರಿದ ಮೇಲೆ ಕಿತ್ತಳೆ ಸಿಪ್ಪೆ ತೆಗೆದು ಎರಡು ಚಮಚ ಕಿತ್ತಳೆ ರಸ. ಕುದಿಯುವಾಗ ಹಾಕಿದರೆ ಅದರ ಪರಿಮಳ ಉಳಿಯುವುದಿಲ್ಲ.

ಸಿಕ್ಕಿದ್ದು ಸುಮಾರು 640 ಗ್ರಾಂ, ಎರಡೂಕಾಲು ಕಪ್. ಅವತ್ತೇ ರುಚಿ ನೋಡಿದರೆ ವೈನ್ ಸ್ವಲ್ಪ ಮುಂದೆ ನಿಂತಿತ್ತು. ಸೋಮವಾರದ ಹೊತ್ತಿಗೆ ಹಣ್ಣಿನೊಳಗೆ ಸೇರಿಕೊಂಡು ಹೋಗಿತ್ತು. ಹಾಗಾಗಿ ಊಟದ ದಿನಕ್ಕೆ ಎರಡು ದಿನ ಮೊದಲು ಮಾಡುವುದು ಅಂತ ತೀರ್ಮಾನ.

ನವೆಂಬರ್ 25, ಮಂಗಳವಾರ: ಎರಡು ಪಟ್ಟು

ಹನ್ನೆರಡು ಜನಕ್ಕೆ ಎರಡು ಚೀಲ ಬೇಕು. ಎಲ್ಲ ಅಳತೆಯನ್ನೂ ಎರಡರಿಂದ ಗುಣಿಸಿ ಅದೇ 3 ಲೀಟರ್ ಪಾತ್ರೆಯಲ್ಲಿ ಶುರುಮಾಡಿದೆ. ವೈನ್ ಬತ್ತುವುದಕ್ಕೇ ಹತ್ತೊಂಬತ್ತು ನಿಮಿಷ. ಪಾತ್ರೆಯ ಬಾಯಿ ಅಷ್ಟೇ ಇದೆ, ಹೋಗಬೇಕಾದ ಆವಿ ಎರಡು ಪಟ್ಟು. ಇಲ್ಲಿಯವರೆಗೆ ತೊಂದರೆಯಿಲ್ಲ, ಕಾಯಬಹುದು. ಆದರೆ ಹಣ್ಣು ಹಾಕಿದ ಮೇಲೂ ಅಷ್ಟೇ ಹೊತ್ತು ಕಾದರೆ ಎಲ್ಲ ಹಣ್ಣೂ ಒಡೆದು ಮುದ್ದೆಯಾಗುತ್ತದೆ, ಪೆಕ್ಟಿನ್ ಪೂರ್ತಿ ಬಿಡುತ್ತದೆ, ಮತ್ತೆ ನವೆಂಬರ್ 15ರ ಕಥೆ. ಅದಕ್ಕೆ ವೈನ್ ಬತ್ತಿದ ಮೇಲೆ ಪಾಕವನ್ನು ತೂಗಿ ಎರಡು ಪಾತ್ರೆಗೆ ಸಮ ಹಂಚಿ, ಎರಡು ಒಲೆಯಲ್ಲಿ ಹಣ್ಣು ಬೇಯಿಸಿದೆ. ಅಗಲ ಬಾಯಿಯ 5 ಲೀಟರ್ ಪಾತ್ರೆ ಇದ್ದವರು ಒಂದರಲ್ಲೇ ಮಾಡಬಹುದು.

ಅಮ್ಮನಿಗೆ, ಇನ್ನೊಬ್ಬ ಅತಿಥಿಗೆ ವೈನ್ ಬೇಡ. ಕುದಿಸಿದರೆ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತೆ ಅಂತ ಎಷ್ಟೋ ಜನ ಹೇಳುತ್ತಾರೆ. ಹಾಗಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಕುದಿಸಿದ ಅಡುಗೆಯಲ್ಲಿ ಸುಮಾರು ಶೇ. 40 ಉಳಿಯುತ್ತದೆ, ಅರ್ಧ ಗಂಟೆಗೆ ಶೇ. 35, ಒಂದು ಗಂಟೆ ಕುದಿಸಿದರೂ ಶೇ. 25. ಒಂದು ಪಾಲು ಸಾಸ್‌ನಲ್ಲಿ ಇರುವುದು ಒಂದೆರಡು ಮಿ.ಲೀ. ಅಂತ ನನ್ನ ಲೆಕ್ಕ. ಅಷ್ಟು ಪರವಾಗಿಲ್ಲವೋ ಇಲ್ಲವೋ ಅಂತ ಹೇಳಬೇಕಾದವರು ತಿನ್ನುವವರು, ಮಾಡುವವರಲ್ಲ. ಧರ್ಮದ ಕಾರಣವೋ ಆರೋಗ್ಯದ ಕಾರಣವೋ, ಕೇಳದೆ ಬಡಿಸುವುದು ತಪ್ಪು.

ಅವರಿಗೆ ಅದೇ ಕ್ರಮದಲ್ಲಿ ವೈನ್ ಬದಲು ಬಾಟಲಿಯ ದಾಳಿಂಬೆ ರಸ 240 ಗ್ರಾಂ. ರಸವೇ ಸಿಹಿ ಇರುವುದರಿಂದ ಸಕ್ಕರೆ 170ಕ್ಕೆ ಇಳಿಸಿದೆ. ಬತ್ತಿಸುವುದು ಅಷ್ಟೇ, 90 ಗ್ರಾಂ. ದಾಳಿಂಬೆಯಲ್ಲೂ ಒಂದಿಷ್ಟು ಒಗರು ಇರುವುದರಿಂದ ವೈನಿನ ಹತ್ತಿರಕ್ಕೆ ಬರುತ್ತದೆ. ನಿಜ ಹೇಳಬೇಕೆಂದರೆ ಮನೆಯವರಿಗೆಲ್ಲ ಇದೇ ಜಾಸ್ತಿ ಇಷ್ಟವಾಯಿತು. ಬಣ್ಣ ಎರಡೂ ಒಂದೇ ಆದ್ದರಿಂದ ಬಾಟಲಿಗೆ ಚೀಟಿ ಅಂಟಿಸಿದೆ, ಚಮಚವೂ ಬೇರೆ.

ಇಡುವುದು: ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿ, ಫ್ರಿಜ್. ಹತ್ತು ದಿನಕ್ಕೆ ಯೋಚನೆಯಿಲ್ಲ. ಫ್ರೀಜರ್‌ನಲ್ಲಿ ಎರಡು ತಿಂಗಳು. ಹೊರಗೆ ಇಡುವ ಹಾಗೆ ಬಾಟಲಿ ಮುಚ್ಚಲು ನಾನು ಹೋಗಲಿಲ್ಲ. ಅದಕ್ಕೆ ಪರೀಕ್ಷೆ ಮಾಡಿದ ಪಾಕವಿಧಾನವೇ ಬೇಕು, ನಮ್ಮ ಅಳತೆ ಬೇರೆ.

ನವೆಂಬರ್ 27, ಗುರುವಾರ

ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಫ್ರಿಜ್‌ನಿಂದ ಹೊರಗೆ. ತಣ್ಣಗೇ ಬಡಿಸಿದರೆ ವೈನಿನ ಪರಿಮಳ ಗೊತ್ತಾಗುವುದಿಲ್ಲ. ಹದ ಚಮಚದಿಂದ ಜಾರಿ ತಟ್ಟೆಯಲ್ಲಿ ನಿಲ್ಲುವಷ್ಟು. ಟರ್ಕಿ ತಿಂದವರು ಎರಡನೇ ಸಲ ಹಾಕಿಸಿಕೊಂಡರು. ನಾವು ಹುರಿದ ಸಿಹಿಗುಂಬಳಕ್ಕೆ, ಚೀಸ್‌ಗೆ ಹಚ್ಚಿಕೊಂಡು ತಿಂದೆವು. ಮೆತ್ತನೆಯ ಬ್ರೀ ಚೀಸ್ ಜೊತೆ ಇದು ತುಂಬಾ ಹೊಂದುತ್ತದೆ.

ಆ ಮನೆಯ ಮಗ ಮಾತ್ರ ಡಬ್ಬಿಯದೇ ಬೇಕು ಅಂದ. ಡಬ್ಬಿಯ ಗೆರೆಗಳು ಹಾಗೇ ಮೂಡಿರುವ ಉರುಳೆ, ತಟ್ಟೆಗೆ ಜಾರಿಸಿ ಬಿಲ್ಲೆ ಬಿಲ್ಲೆ ಕತ್ತರಿಸುವುದು. ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಡಬ್ಬಿ ಸಾಸ್ ಕೂಡ ಇದೇ ಸೀಮೆಯದು. ಮಾರ್ಕಸ್ ಯುರಾನ್ 1912ರಲ್ಲಿ ಡಬ್ಬಿಗೆ ತುಂಬಲು ಶುರುಮಾಡಿದ್ದು ಇಲ್ಲೇ ಹ್ಯಾನ್ಸನ್ ಊರಿನಲ್ಲಿ. ಆ ಹುಡುಗನಿಗೆ ಹಬ್ಬ ಅಂದರೆ ಆ ಗೆರೆಗಳೇ.

ಖರ್ಚು, ಒಂದು ಚೀಲದ ಲೆಕ್ಕಕ್ಕೆ

ಹಣ್ಣು 3 ಡಾಲರ್, ವೈನ್ 3.50, ಕಿತ್ತಳೆ 1, ಸಕ್ಕರೆ, ಬೆಣ್ಣೆ, ಮಸಾಲೆ ಎಲ್ಲ ಸೇರಿ 50 ಸೆಂಟ್. ಒಟ್ಟು 8 ಡಾಲರ್, 640 ಗ್ರಾಂ ಸಾಸ್. 14 ಔನ್ಸ್ ಡಬ್ಬಿ ಎರಡೂವರೆ ಡಾಲರ್‌ಗೆ ಸಿಗುತ್ತದೆ, ಹಾಗಾಗಿ ಉಳಿತಾಯದ ಮಾತೇ ಇಲ್ಲ. ಕೆಟ್ಟುಹೋದ ಪ್ರಯತ್ನಗಳ ಖರ್ಚು ಬೇರೆ, ಅದನ್ನು ಕೂಡಿಸಲಿಲ್ಲ.

ಉಳಿದ ಒಂದು ಬಾಟಲಿ ಸಾಸ್ ದೋಸೆಗೆ ಖಾಲಿಯಾಗುತ್ತಿದೆ. ಫ್ರೀಜರ್‌ನಲ್ಲಿ ಇನ್ನೆರಡು ಚೀಲ ಹಣ್ಣಿದೆ. ಕ್ರಿಸ್‌ಮಸ್ ಹೊತ್ತಿಗೆ ರೂಬಿ ಪೋರ್ಟ್ ಹಾಕಿ ಮಾಡಿ ನೋಡಬೇಕು. ಪೋರ್ಟ್ ಸಿಹಿ ವೈನ್, ಅದರ ಆಲ್ಕೋಹಾಲೂ ಜಾಸ್ತಿ. ಸಕ್ಕರೆ 150 ಗ್ರಾಂನಿಂದ ಶುರುಮಾಡುವ ಯೋಚನೆ, ಬತ್ತಿಸುವ 90 ಗ್ರಾಂ ಹಾಗೇ ಇರಲಿ.